ಪರದೆಯ ಅಂಚಿನಲ್ಲಿ ನಿಂತವರು

1959ರಲ್ಲಿ ನಮ್ಮ ದೇಶದಲ್ಲಿ ಎರಡು ಸಂಗತಿ ನಡೆದವು. ಒಂದಕ್ಕೂ ಇನ್ನೊಂದಕ್ಕೂ ಮುಂದೆ ಜಗಳ ಹತ್ತಲಿದೆ ಎಂದು ಆಗ ಯಾರಿಗೂ ಹೊಳೆದಿರಲಿಲ್ಲ. ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಾಯೋಗಿಕವಾಗಿ ಟೆಲಿವಿಷನ್ ಪ್ರಸಾರ ಶುರುವಾಯಿತು. ಅದೇ ವರ್ಷ ಗುರುದತ್ ಅವರ 'ಕಾಗಜ್ ಕೇ ಫೂಲ್' ತೆರೆಗೆ ಬಂತು. ಅದು ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಕ್ಯಾಮೆರಾ ಹಿಡಿದವರು ನಮ್ಮವರೇ: ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಬೊಂಬಾಯಿಗೆ ಹೋದ ವಿ.ಕೆ. ಮೂರ್ತಿ. ಚಿತ್ರ ಸೋತಿತು, ಗುರುದತ್ ಆಮೇಲೆ ನಿರ್ದೇಶಕನೆಂದು ತಮ್ಮ ಹೆಸರು ಹಾಕಿಕೊಳ್ಳಲಿಲ್ಲ. ಮೂರ್ತಿಯವರ ಕೆಲಸ ಮಾತ್ರ ಉಳಿಯಿತು. ಚಿತ್ರದ ಒಂದು ಹಾಡು ನೆನೆಸಿಕೊಳ್ಳಿ: ಖಾಲಿ ಸ್ಟುಡಿಯೊದ ಕತ್ತಲು, ಮೇಲಿನಿಂದ ಓರೆಯಾಗಿ ಇಳಿಯುವ ಬೆಳಕಿನ ಕೋಲು, ದೂರ ದೂರ ನಿಂತ ಇಬ್ಬರು. ಆ ದೂರವೇ ಆ ಹಾಡಿನ ಅರ್ಥ.

ಆ ದೂರವನ್ನು ಟಿವಿಯ ಪೆಟ್ಟಿಗೆಯೊಳಗೆ ಹೇಗೆ ಇಡುವುದು? ನನ್ನ ಅರ್ಧ ಆಯುಷ್ಯ ಕಳೆದದ್ದು ಈ ಪ್ರಶ್ನೆಯಲ್ಲೇ. ಎಂಬತ್ತರ ದಶಕದ ಕೊನೆಯಿಂದ ನಾನು ಮದರಾಸಿನ ಒಂದು ವಿಡಿಯೊ ವಿಭಾಗದಲ್ಲಿ ಟೆಲಿಸಿನಿ ಯಂತ್ರದ ಮುಂದೆ ಕೂತವನು. ಫಿಲ್ಮನ್ನು ವಿಡಿಯೊ ಮಾಡುವುದು ನಮ್ಮ ಕಸುಬು. ಕನ್ನಡದ ಚಿತ್ರಗಳ ಲ್ಯಾಬ್ ಕೆಲಸ ಬಹುಪಾಲು ಆಗ ಅಲ್ಲೇ ಆಗುತ್ತಿತ್ತು. ಗಾಂಧಿನಗರದಿಂದ ಡಬ್ಬಿಗಳು ರಾತ್ರಿ ರೈಲಿನಲ್ಲಿ ಬರುತ್ತಿದ್ದವು, ಕ್ಯಾಸೆಟ್ಟುಗಳು ಬೆಳಗಿನ ಬಸ್ಸಿನಲ್ಲಿ ವಾಪಸು ಹೋಗುತ್ತಿದ್ದವು.

ಟಿವಿ ಪೆಟ್ಟಿಗೆಗೆ ನಾಲ್ಕಕ್ಕೆ ಮೂರರ ಆಕಾರ ಬಂದದ್ದೂ ಸಿನಿಮಾದಿಂದಲೇ. 1890ರ ದಶಕದ ಆರಂಭದಲ್ಲಿ ಎಡಿಸನ್ನನ ಪ್ರಯೋಗಶಾಲೆಯಲ್ಲಿ ಡಿಕ್ಸನ್ ಎಂಬಾತ 35 ಮಿಲಿಮೀಟರ್ ಅಗಲದ ಫಿಲ್ಮಿನಲ್ಲಿ ನಾಲ್ಕು ತೂತುಗಳ ಎತ್ತರಕ್ಕೆ ಒಂದು ಚೌಕಟ್ಟು ಎಂದು ಗೊತ್ತುಮಾಡಿದ. ಅಗಲ ನಾಲ್ಕು ಪಾಲು, ಎತ್ತರ ಮೂರು ಪಾಲು. ಶಬ್ದ ಬಂದ ಮೇಲೆ ಪಕ್ಕದಲ್ಲಿ ಅದಕ್ಕೊಂದು ದಾರಿ ಬೇಕಾಯಿತು, 1932ರಲ್ಲಿ ಹಾಲಿವುಡ್ಡಿನ ಅಕಾಡೆಮಿ 1.37ಕ್ಕೆ 1 ಎಂದು ತೀರ್ಮಾನಿಸಿತು. ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿಲ್ಲ. ಟಿವಿ ಕಟ್ಟಿದವರು ಆ ಆಕಾರವನ್ನೇ ತೆಗೆದುಕೊಂಡರು, ಸಿನಿಮಾ ತೋರಿಸಲು ಅನುಕೂಲವಾಗಲಿ ಎಂದು.

ಅನುಕೂಲ ಬಹಳ ದಿನ ಉಳಿಯಲಿಲ್ಲ. ಅಮೆರಿಕದಲ್ಲಿ ಜನ ಮನೆಯಲ್ಲೇ ಕೂತು ಟಿವಿ ನೋಡತೊಡಗಿದಾಗ ಥಿಯೇಟರುಗಳು ಖಾಲಿಯಾದವು. ಪೆಟ್ಟಿಗೆಯಲ್ಲಿ ಹಿಡಿಸದಂಥದ್ದೇನಾದರೂ ಕೊಡಬೇಕು ಎಂದು ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ನವರು ಹೊರಟರು. ಫ್ರಾನ್ಸಿನ ಆನ್ರಿ ಕ್ರೇತಿಯನ್ ಎಂಬ ವಿಜ್ಞಾನಿ 1920ರ ದಶಕದಲ್ಲೇ ಒಂದು ಲೆನ್ಸ್ ಮಾಡಿಟ್ಟಿದ್ದ. ಅದು ಅಗಲವನ್ನು ಮಾತ್ರ ಅರ್ಧಕ್ಕೆ ಹಿಂಡಿ ಮಾಮೂಲಿ ಫಿಲ್ಮಿನೊಳಗೆ ಕೂರಿಸುತ್ತದೆ. ಪ್ರೊಜೆಕ್ಟರಿನಲ್ಲಿ ಅದರ ಜೋಡಿ ಲೆನ್ಸ್ ಹಾಕಿದರೆ ಮತ್ತೆ ಅಗಲವಾಗುತ್ತದೆ. ಇದೇ ಸಿನಿಮಾಸ್ಕೋಪ್, ಬಾಯಿಮಾತಿನಲ್ಲಿ ಸ್ಕೋಪ್; 1953ರ 'ದಿ ರೋಬ್' ಆ ಹೆಸರಿನಲ್ಲಿ ಬಂದ ಮೊದಲ ಚಿತ್ರ. ಎತ್ತರದ ಎರಡೂವರೆ ಪಟ್ಟು ಅಗಲ. ಆಮೇಲೆ ಶಬ್ದದ ದಾರಿಗೆ ಜಾಗ ಬಿಟ್ಟು 2.35ಕ್ಕೆ ಇಳಿಯಿತು. ಟಿವಿಯನ್ನು ಸೋಲಿಸಲೆಂದೇ ಹುಟ್ಟಿದ ಈ ಅಗಲ ಎಂಟೇ ವರ್ಷದಲ್ಲಿ ಟಿವಿಗೇ ಮಾರಾಟವಾಯಿತು. 1961ರ ಸೆಪ್ಟೆಂಬರಿನಲ್ಲಿ ಎನ್‌ಬಿಸಿ ತನ್ನ ಶನಿವಾರ ರಾತ್ರಿಯ ಸಿನಿಮಾ ಸರಣಿ ಆರಂಭಿಸಿದ್ದು 'ಹೌ ಟು ಮ್ಯಾರಿ ಎ ಮಿಲಿಯನೇರ್' ಎಂಬ ಸ್ಕೋಪ್ ಚಿತ್ರದಿಂದ. ಮಾರಾಟ ಮಾಡುವವರಿಗೆ ಇಂಥ ವಿಷಯದಲ್ಲಿ ನಾಚಿಕೆ ಇರುವುದಿಲ್ಲ.

ದಕ್ಷಿಣಕ್ಕೆ ಸ್ಕೋಪ್ ತಡವಾಗಿ ಬಂತು, ಬಂದ ಮೇಲೆ ಬೇಗ ಹರಡಿತು. ತಮಿಳಿನಲ್ಲಿ 1973ರ 'ರಾಜರಾಜ ಚೋಳನ್', ತೆಲುಗಿನಲ್ಲಿ 1974ರ 'ಅಲ್ಲೂರಿ ಸೀತಾರಾಮರಾಜು', ಮಲಯಾಳದಲ್ಲಿ 1978ರ 'ತಚ್ಚೋಳಿ ಅಂಬು'. ಕನ್ನಡಕ್ಕೆ 1977ರಲ್ಲಿ 'ಸೊಸೆ ತಂದ ಸೌಭಾಗ್ಯ'. ಪಟ್ಟಿ ನೋಡಿ: ಅವರದು ರಾಜ, ಕ್ರಾಂತಿಕಾರಿ, ಕತ್ತಿವರಸೆಯ ವೀರ. ನಮ್ಮದು ಅತ್ತೆ ಸೊಸೆ. ನನಗೇನೋ ಇದು ಇಷ್ಟ. ಅಗಲದ ಪರದೆ ಬೇಕಾಗುವುದು ಆನೆ ಕುದುರೆಗೆ ಮಾತ್ರ ಅಲ್ಲ. ತುಂಬಿದ ಮನೆಯ ನಡುಮನೆಯೂ ಅಗಲವೇ. ಒಂದು ತುದಿಯಲ್ಲಿ ಯಜಮಾನ ಮಾತಾಡುತ್ತಿರುತ್ತಾನೆ, ಇನ್ನೊಂದು ತುದಿಯಲ್ಲಿ ಅಡುಗೆಮನೆ ಬಾಗಿಲ ಹಿಂದೆ ಒಬ್ಬಳು ಸೆರಗು ಬಾಯಿಗೊತ್ತಿ ನಿಂತಿರುತ್ತಾಳೆ. ಸ್ಕೋಪಿನಲ್ಲಿ ಇಬ್ಬರೂ ಒಟ್ಟಿಗೆ ಕಾಣುತ್ತಾರೆ.

ನನ್ನ ಸೋದರಮಾವ ತಿಪಟೂರು ಕಡೆಯ ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದರು. ಸ್ಕೋಪ್ ಪ್ರಿಂಟ್ ಬಂದರೆ ಅದರ ಜತೆ ಲೆನ್ಸೂ ಬಾಡಿಗೆಗೆ ಬರುತ್ತಿತ್ತು. ಲೆನ್ಸಿನ ಬಸ್ಸು ತಡವಾದರೆ ಮಾವ ಹಾಗೇ ಆಟ ಶುರುಮಾಡುತ್ತಿದ್ದರು; ಹೀರೋ, ಹೀರೋಯಿನ್, ಎತ್ತಿನಗಾಡಿ ಎಲ್ಲ ಸಣಕಲಾಗಿ ಉದ್ದುದ್ದ ಕಾಣುತ್ತಿದ್ದವು. ನೆಲದ ಕ್ಲಾಸಿನವರು ಮೊದಲ ಹತ್ತು ನಿಮಿಷ ಕೂಗಾಡಿ ಆಮೇಲೆ ಒಗ್ಗಿಕೊಳ್ಳುತ್ತಿದ್ದರು. ಲೆನ್ಸ್ ಇದ್ದಾಗ ಬೇರೆ ತೊಂದರೆ. ಟೆಂಟಿನ ಬಿಳಿ ಬಟ್ಟೆ ಹೊಲಿಸಿದ್ದೇ ಹಳೆಯ ಆಕಾರಕ್ಕೆ. ಎತ್ತರಕ್ಕೆ ಸರಿಹೊಂದಿಸಿದರೆ ಅಕ್ಕಪಕ್ಕದವರು ಕಂಬದ ಮೇಲೆ ನಡೆಯುತ್ತಿದ್ದರು. ಅಗಲಕ್ಕೆ ಸರಿಹೊಂದಿಸಿದರೆ ಮೇಲೆ ಕೆಳಗೆ ಬಟ್ಟೆ ಖಾಲಿ ಉಳಿಯುತ್ತಿತ್ತು. ಮಾವ ಎರಡನೆಯದನ್ನೇ ಮಾಡುತ್ತಿದ್ದರು. "ಚಿಕ್ಕದಾದ್ರೂ ಚಿಂತಿಲ್ಲ ಕಣೋ, ಪೂರ್ತಿ ಕಾಣ್ಬೇಕು. ಕಾಸು ಕೊಟ್ಟವ್ರು ಅರ್ಧ ನೋಡಕ್ಕೆ ಬಂದಿರ್ತಾರಾ?" ಮುಂದೆ ಮದರಾಸಿನಲ್ಲಿ ಇಂಗ್ಲಿಷ್ ಕೈಪಿಡಿಗಳಲ್ಲಿ ಲೆಟರ್‌ಬಾಕ್ಸ್ ಎಂದು ಓದಿದೆನಲ್ಲ, ಅದು ಇದೇ.

ಬೆಂಗಳೂರು ದೂರದರ್ಶನ 1981ರ ನವೆಂಬರ್ 1ರಂದು ಶುರುವಾಯಿತು. ಮರುವರ್ಷ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣ ಬಂತು. ಊರೂರಿಗೆ ವಿಡಿಯೊ ಲೈಬ್ರರಿ, ರಾತ್ರಿ ಬಸ್ಸುಗಳಿಗೆ ವಿಡಿಯೊ ಕೋಚ್ ಎಂಬ ಬೋರ್ಡು, ಮದುವೆ ಮನೆಗೆ ಬಾಡಿಗೆ ವಿಸಿಪಿ. ಎಲ್ಲರಿಗೂ ಸಿನಿಮಾ ಬೇಕು, ಸಿನಿಮಾ ಎಲ್ಲ ಸ್ಕೋಪು. ನಮಗೆ ಕೈತುಂಬ ಕೆಲಸ.

ಟೆಲಿಸಿನಿ ಕೋಣೆ ತಣ್ಣಗೆ, ಕತ್ತಲೆಯಾಗಿ, ಸ್ವಲ್ಪ ಫಿಲ್ಮ್ ತೊಳೆಯುವ ದ್ರಾವಣದ ವಾಸನೆಯೊಂದಿಗೆ ಇರುತ್ತಿತ್ತು. ನಮ್ಮಲ್ಲಿ ಇದ್ದದ್ದು ರ್‍ಯಾಂಕ್ ಸಿಂಟೆಲ್ ಕಂಪನಿಯ ಯಂತ್ರ. ಪ್ರೊಜೆಕ್ಟರಿನ ಹಾಗೆ ಇದು ಫಿಲ್ಮನ್ನು ತಡೆತಡೆದು ಎಳೆಯುವುದಿಲ್ಲ, ಒಂದೇ ಸಮನೆ ಓಡಿಸುತ್ತದೆ. ಒಂದು ಪಿಕ್ಚರ್ ಟ್ಯೂಬಿನ ಮೇಲೆ ಬೆಳಕಿನ ಚುಕ್ಕೆ ಅಡ್ಡಡ್ಡ ಓಡುತ್ತಿರುತ್ತದೆ, ಆ ಬೆಳಕು ಫಿಲ್ಮನ್ನು ದಾಟಿ ಆಚೆ ಕೂತ ಸೆನ್ಸರಿಗೆ ಬೀಳುತ್ತದೆ. ಚುಕ್ಕೆ ಎಲ್ಲಿಂದ ಎಲ್ಲಿಯವರೆಗೆ ಓಡಬೇಕು ಎಂಬುದು ನಮ್ಮ ಕೈಯಲ್ಲಿ. ಹಿಂಡಿದ ಸ್ಕೋಪ್ ಚೌಕಟ್ಟಿನ ಅಗಲದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾಗದ ಮೇಲೆ ಮಾತ್ರ ಓಡಿಸಿದರೆ ಹಿಂಡಿದ್ದು ಬಿಚ್ಚಿಕೊಳ್ಳುತ್ತದೆ, ಟಿವಿ ಪೂರ್ತಿ ತುಂಬುತ್ತದೆ. ಎಡಕ್ಕೋ ಬಲಕ್ಕೋ ಎಂಬುದಕ್ಕೆ ಒಂದು ಜಾಯ್‌ಸ್ಟಿಕ್. ಇದನ್ನೇ ಪ್ಯಾನ್ ಅಂಡ್ ಸ್ಕ್ಯಾನ್ ಎನ್ನುವುದು. 2.35ರ ಚಿತ್ರದಲ್ಲಿ ಹೀಗೆ ಉಳಿಯುವುದು ನೂರಕ್ಕೆ 57 ಪಾಲು. 43 ಪಾಲು ಹೋಯಿತು.

ಯಾವ 43? ಅದನ್ನು ನಿರ್ಧರಿಸುವವನು ಸಂಬಳಕ್ಕೆ ಕೂತ ನನ್ನಂಥವನು. ನಿರ್ದೇಶಕರು ಬರುತ್ತಿದ್ದದ್ದು ಅಪರೂಪ, ಛಾಯಾಗ್ರಾಹಕರು ಇನ್ನೂ ಅಪರೂಪ. ಬರುತ್ತಿದ್ದದ್ದು ವಿಡಿಯೊ ಹಕ್ಕು ಕೊಂಡವರು, ಅವರಿಗೆ ಸಂಜೆಯೊಳಗೆ ಟೇಪ್ ಬೇಕು. ಒಂದು ಯುಗಳಗೀತೆ ನೆನಪಿದೆ, ಚಿತ್ರದ ಹೆಸರು ಬೇಡ. ಕೆರೆ ಏರಿಯ ಮೇಲೆ ಎಡತುದಿಯಲ್ಲಿ ನಾಯಕ, ಬಲತುದಿಯಲ್ಲಿ ನಾಯಕಿ, ನಡುವೆ ಒಂದು ದೊಡ್ಡ ಆಲದ ಮರ. ನಡುಭಾಗ ಹಿಡಿದರೆ ಮರ ಒಂದೇ ಹಾಡುತ್ತದೆ. ನಾಯಕನನ್ನು ಹಿಡಿದರೆ ಅವನು ಗಾಳಿಯ ಜತೆ ಪ್ರೇಮ ಮಾಡುತ್ತಾನೆ. ಸಾಲು ಅವಳದ್ದಾದಾಗ ಜಾಯ್‌ಸ್ಟಿಕ್ ತಿರುಗಿಸಿ ಅವಳತ್ತ ಹೋದರೆ, ಛಾಯಾಗ್ರಾಹಕ ಅಲುಗಾಡದೆ ನಿಲ್ಲಿಸಿದ್ದ ಕ್ಯಾಮೆರಾ ಇದ್ದಕ್ಕಿದ್ದಂತೆ ಮರದ ಕಾಂಡ ಸವರಿಕೊಂಡು ಓಡುತ್ತದೆ. ಬೇಗ ಹೋದರೆ ಚಿತ್ರ ಅದುರುತ್ತದೆ, ನಿಧಾನ ಹೋದರೆ ಅವಳ ಸಾಲು ಮುಗಿದೇ ಹೋಗುತ್ತದೆ. ಮೂರನೆಯ ದಾರಿ, ಶಾಟಿನ ಮಧ್ಯದಲ್ಲೇ ಕತ್ತರಿಸಿ ಈ ತುದಿಯಿಂದ ಆ ತುದಿಗೆ ಹಾರುವುದು. ಸಂಕಲನಕಾರ ಹಾಕದ ಕಟ್ಟನ್ನು ನಾವು ಹಾಕಿದಂತೆ. ಆ ದಿನ ಹಾಗೇ ಮಾಡಿದೆವು. ಒಂದೇ ಶಾಟು ಏಳು ಶಾಟಾಯಿತು.

ಮಾತಿನ ದೃಶ್ಯಗಳು ಇದಕ್ಕಿಂತ ಕಷ್ಟ. ಮಾತಾಡುವವರನ್ನು ತೋರಿಸಬೇಕೋ ಕೇಳಿಸಿಕೊಳ್ಳುವವರನ್ನೋ? ಮೇಲಿನವರ ಸೂಚನೆ ಸರಳವಾಗಿತ್ತು: ಬಾಯಿ ಆಡುತ್ತಿರುವವರನ್ನು ತೋರಿಸು. ಹಾಗಾಗಿ ನಮ್ಮ ಟಿವಿಗಳಲ್ಲಿ ಯಜಮಾನ ಉಳಿದ, ಬಾಗಿಲ ಹಿಂದೆ ನಿಂತವಳು ಹೋದಳು. ಬಾಲಣ್ಣನಂಥ, ನರಸಿಂಹರಾಜುವಿನಂಥ ನಟರು ಮಾತಿಲ್ಲದೆಯೇ ಪಕ್ಕದಲ್ಲಿ ನಿಂತು ಮುಖದಲ್ಲೇ ಆಡುತ್ತಿದ್ದ ಪರಂಪರೆ ನಮ್ಮದು. ಅಂಥ ನಟನೆ ಸ್ಕೋಪಿನ ಅಂಚಿನಲ್ಲಿ ಬಂದಾಗ ಏನಾಯಿತು ಎಂದು ನನಗೆ ಗೊತ್ತು, ನನ್ನ ಕಸುಬಿನವರಿಗೆಲ್ಲ ಗೊತ್ತು.

ಟೈಟಲ್ ಕಾರ್ಡಿನದು ಬೇರೆಯದೇ ಪೇಚು. ಮುಖ ಕತ್ತರಿಸಬಹುದು, ಹೆಸರು ಕತ್ತರಿಸುವಂತಿಲ್ಲ. ಸ್ಕೋಪಿನ ಉದ್ದಕ್ಕೂ ಹರಡಿದ ಹೆಸರುಗಳಲ್ಲಿ ನಡುವಿನ ಅರ್ಧ ತೋರಿಸಿದರೆ ನಿರ್ಮಾಪಕರ ಇನಿಷಿಯಲ್ಲೂ ಇಲ್ಲ, ಕೊನೆಯಕ್ಷರವೂ ಇಲ್ಲ. ಅದಕ್ಕೆ ಟೈಟಲ್ ಮುಗಿಯುವ ತನಕ ಹಿಂಡಿದ ಚಿತ್ರವನ್ನು ಹಿಂಡಿದ ಹಾಗೇ ಬಿಡುತ್ತಿದ್ದೆವು. ಎಂಬತ್ತು ತೊಂಬತ್ತರಲ್ಲಿ ಟಿವಿ ನೋಡಿದವರಿಗೆ ನೆನಪಿರಬೇಕು: ಶುರುವಿನಲ್ಲಿ ಎಲ್ಲರೂ ತೆಳ್ಳಗೆ ಉದ್ದಕ್ಕೆ ಓಡಾಡುತ್ತಾರೆ, 'ನಿರ್ದೇಶನ' ಎಂಬ ಕಾರ್ಡು ಹೋದ ಕೂಡಲೇ ಧಡಕ್ಕನೆ ದಪ್ಪಗಾಗುತ್ತಾರೆ.

ಹಾಗಾದರೆ ಮಾವನ ಟೆಂಟಿನಂತೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಟ್ಟು ಪೂರ್ತಿ ಚಿತ್ರ ಯಾಕೆ ಕೊಡಲಿಲ್ಲ? ಕೊಡಬಹುದಿತ್ತು. ಒಮ್ಮೆ ಹಾಗೆ ಮಾಡಿಕೊಟ್ಟಾಗ ಹಕ್ಕು ಕೊಂಡವರೊಬ್ಬರು ಮಾನಿಟರ್ ಮುಂದೆ ನಿಂತು ಅಂದರು, "ಏನಪ್ಪಾ, ನನ್ನ ದುಡ್ಡಿಗೆ ಮೇಲೊಂದು ಕೆಳಗೊಂದು ಮಸಿ ಬಳಿದಿದೀಯ? ಜನ ಟಿವಿ ಕೆಟ್ಟಿದೆ ಅಂತ ರಿಪೇರಿಯವನ್ನ ಕರೀತಾರೆ." ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಆಗಿನ ಇಪ್ಪತ್ತು ಇಂಚಿನ ಟಿವಿ ಅಂದರೆ 16 ಇಂಚು ಅಗಲ, 12 ಇಂಚು ಎತ್ತರ. ಸ್ಕೋಪ್ ಚಿತ್ರವನ್ನು ಪೂರ್ತಿ ಕೂರಿಸಿದರೆ ಅದರ ಎತ್ತರ ಏಳು ಇಂಚಿಗೂ ಕಡಿಮೆ. ನಡುಮನೆಯ ಗೋಡೆಗೊರಗಿ ನೋಡುವ ಅಜ್ಜಿಗೆ ಅಷ್ಟರಲ್ಲಿ ಯಾರ ಮುಖ ಕಾಣಬೇಕು? ಸಾಲದ್ದಕ್ಕೆ ಮನೆಯ ಟಿವಿಗಳು ಚಿತ್ರದ ಅಂಚನ್ನು ಒಂದಿಷ್ಟು ಚೌಕಟ್ಟಿನ ಮರೆಗೆ ಸೇರಿಸಿಬಿಡುತ್ತಿದ್ದವು.

ಗುಣಮಟ್ಟದ ಲೆಕ್ಕವೂ ಇಲ್ಲೇ ಬರುತ್ತದೆ, ಮತ್ತು ಈ ಲೆಕ್ಕ ಜನ ಅಂದುಕೊಳ್ಳುವ ಹಾಗಿಲ್ಲ. ನಮ್ಮ ಪಾಲ್ ಪದ್ಧತಿಯಲ್ಲಿ 625 ಗೆರೆ, ಅದರಲ್ಲಿ ಚಿತ್ರಕ್ಕೆ ಸಿಗುವುದು 576. ಸ್ಕೋಪನ್ನು ಪೂರ್ತಿ ಕೂರಿಸಿದರೆ ಅದರ ಪಾಲಿಗೆ ಬರುವುದು 327 ಗೆರೆ. ಉಳಿದವು ಕಪ್ಪು ಬರೆಯುವುದಕ್ಕೆ ಖರ್ಚು. ಪ್ಯಾನ್ ಅಂಡ್ ಸ್ಕ್ಯಾನ್‌ನಲ್ಲಾದರೆ ಚುಕ್ಕೆ ನೇರ ಫಿಲ್ಮಿನ ಮೇಲೆ ಓಡುವುದರಿಂದ ಉಳಿದ ಅರ್ಧ ಚಿತ್ರಕ್ಕೆ 576 ಗೆರೆಯೂ ದಕ್ಕುತ್ತದೆ. ಅಂದರೆ ಕತ್ತರಿಸಿದ ಚಿತ್ರ ಹೆಚ್ಚು ನಿಚ್ಚಳ, ಕತ್ತರಿಸದ ಚಿತ್ರ ಮಸುಕು. ಕ್ವಾಲಿಟಿ ಉಳಿಸಬೇಕು ಎಂದು ಹಕ್ಕುದಾರರು ಹೇಳಿದಾಗ ಅವರ ಮನಸ್ಸಿನಲ್ಲಿದ್ದದ್ದು ಈ ನಿಚ್ಚಳ. ಮೂರ್ತಿಯವರಂಥ ಛಾಯಾಗ್ರಾಹಕ ಅದೇ ಮಾತು ಹೇಳಿದ್ದರೆ ಅರ್ಥ ಬೇರೆಯೇ ಇರುತ್ತಿತ್ತು.

ನಡುವಿನ ದಾರಿಯೂ ಇತ್ತು. ಎರಡೂ ಅಂಚಿನಲ್ಲಿ ತುಸು ಕತ್ತರಿಸಿ, ಮೇಲೆ ಕೆಳಗೆ ಸಣ್ಣ ಪಟ್ಟಿ ಬಿಡುವುದು. ಮುಂದೆ ತೊಂಬತ್ತರ ಕೊನೆಯಲ್ಲಿ ಅಗಲದ ಕಾರ್ಯಕ್ರಮಗಳನ್ನು ಹಳೆಯ ಟಿವಿಗೆ ಕಳಿಸಲು ಬಿಬಿಸಿಯವರೂ 14ಕ್ಕೆ 9 ಎಂಬ ಇಂಥದೇ ರಾಜಿ ಮಾಡಿಕೊಂಡರು. ನನ್ನ ಕೈಗೆ ಬಿಟ್ಟಾಗ ನಾನು ಮಾಡುತ್ತಿದ್ದದ್ದು ಇದೇ. ಯಾರಿಗೂ ಪೂರ್ತಿ ಸಮಾಧಾನವಿಲ್ಲ, ಯಾರೂ ಬಯ್ಯುವುದೂ ಇಲ್ಲ.

ಶಬ್ದದ ಬಗ್ಗೆಯೂ ಒಂದು ಮಾತು. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟು, ನಮ್ಮ ಟಿವಿ 25. ಒಂದು ಚೌಕಟ್ಟು ಹೊಸದಾಗಿ ಹುಟ್ಟಿಸುವ ಬದಲು ಸಿನಿಮಾವನ್ನೇ ಸ್ವಲ್ಪ ಜೋರಾಗಿ ಓಡಿಸುತ್ತಿದ್ದೆವು. ಎರಡೂವರೆ ಗಂಟೆಯ ಚಿತ್ರ 144 ನಿಮಿಷಕ್ಕೆ ಮುಗಿಯುತ್ತಿತ್ತು. ಚಿತ್ರದಲ್ಲಿ ಅದು ಗೊತ್ತಾಗುವುದಿಲ್ಲ, ಹಾಡಿನಲ್ಲಿ ಗೊತ್ತಾಗುತ್ತದೆ. ಶ್ರುತಿ ಮುಕ್ಕಾಲು ಸ್ವರಸ್ಥಾನಕ್ಕೆ ಹತ್ತಿರ ಹತ್ತಿರ ಏರುತ್ತದೆ. ಟಿವಿಯಲ್ಲಿ ಪಿ.ಬಿ. ಶ್ರೀನಿವಾಸರ ದನಿಯ ಆ ಮಂದ್ರದ ಗಾಂಭೀರ್ಯ ತುಸು ತೆಳುವಾದಂತೆ ಕೇಳುತ್ತಿದ್ದರೆ ಅದು ನಿಮ್ಮ ಕಿವಿಯ ದೋಷವಲ್ಲ. ಹಾರ್ಮೋನಿಯಂ ಇಟ್ಟುಕೊಂಡು ಟಿವಿ ಜತೆ ನುಡಿಸಲು ಹೊರಟವರಿಗೆ ಯಾವ ಮನೆಯೂ ಹೊಂದುತ್ತಿರಲಿಲ್ಲ.

ಈ 25ರಿಂದ ಒಂದು ಲಾಭವಿತ್ತು. ಟಿವಿ ಒಂದು ಚಿತ್ರವನ್ನು ಎರಡು ಕಂತಿನಲ್ಲಿ ಬರೆಯುತ್ತದೆ, ಮೊದಲು ಬೆಸ ಗೆರೆ, ಆಮೇಲೆ ಸರಿ ಗೆರೆ. ಫಿಲ್ಮಿನಿಂದ ಬಂದ ವಿಡಿಯೊದಲ್ಲಿ ಎರಡು ಕಂತೂ ಒಂದೇ ಚೌಕಟ್ಟಿನವು. ಎರಡನ್ನೂ ಜೋಡಿಸಿದರೆ ಪೂರ್ತಿ ಚಿತ್ರ ಸಿಗುತ್ತದೆ, ಅದನ್ನು ಹಿಗ್ಗಿಸಿ ಕುಗ್ಗಿಸಿ ಮತ್ತೆ ಬೇರ್ಪಡಿಸಿದರೆ ಹೆಚ್ಚು ನಷ್ಟವಿಲ್ಲ. ತೊಂಬತ್ತರ ಕೊನೆಗೆ ಕಂಪ್ಯೂಟರ್ ಕಾರ್ಡುಗಳು ಬಂದಾಗ ಈ ಸಣ್ಣ ವಿಷಯ ಮರೆತವರೇ ಹೆಚ್ಚು. ಒಂದು ಚೌಕಟ್ಟಿನ ಕಂತನ್ನು ಪಕ್ಕದ ಚೌಕಟ್ಟಿನ ಕಂತಿಗೆ ಜೋಡಿಸಿ ಕುಗ್ಗಿಸಿದರು. ಕೈ ಬೀಸಿದ ಕಡೆಯೆಲ್ಲ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆಗಳು. ಆ ಕಾಲದ ಸಾಹಸ ಚಿತ್ರಗಳ ಹೊಡೆದಾಟ ನೋಡಿ, ಏಟು ಬಿದ್ದಾಗಲೆಲ್ಲ ಹಲ್ಲು ಕಾಣುತ್ತದೆ, ಖಳನಾಯಕನದ್ದಲ್ಲ.

1994ರಲ್ಲಿ ಉದಯ ಟಿವಿ ಬಂದ ಮೇಲೆ ಬೇಡಿಕೆ ಬೆಟ್ಟದಷ್ಟಾಯಿತು. ಹಗಲಿಡೀ ಸಿನಿಮಾ ಬೇಕು. ಪ್ರತಿ ಸಲ ಪ್ರಿಂಟ್ ತರಿಸಿ ಟೆಲಿಸಿನಿ ಮಾಡುವ ತಾಳ್ಮೆ ಯಾರಿಗಿದೆ? ಟೇಪಿನಿಂದ ಟೇಪ್, ಅದರಿಂದ ಮತ್ತೊಂದು ಟೇಪ್. ಮನೆಯ ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ ಅಡ್ಡಕ್ಕೆ ಉಳಿಯುವ ವಿವರ ಸುಮಾರು 240 ಗೆರೆಯಷ್ಟು ಮಾತ್ರ. ನಕಲಿನ ನಕಲಿನಲ್ಲಿ ಕೆಂಪು ಸೀರೆಯ ಬಣ್ಣ ಪಕ್ಕದ ಗೋಡೆಗೆ ಸೋರುತ್ತಿತ್ತು. ಕಪ್ಪು ಪಟ್ಟಿ ಇದ್ದ ಟೇಪ್ ಸಿಕ್ಕರೆ ಅದನ್ನೇ ಜೂಮ್ ಮಾಡಿ ಟಿವಿ ತುಂಬಿಸುತ್ತಿದ್ದರು. ನನ್ನ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ಕೆಟ್ಟದ್ದು. ಫಿಲ್ಮಿನಿಂದ ಕತ್ತರಿಸಿದಾಗ ಅಂಚು ಹೋದರೂ ನಿಚ್ಚಳ ಸಿಗುತ್ತಿತ್ತು. ಇಲ್ಲಿ 327 ಗೆರೆಯನ್ನೇ 576ಕ್ಕೆ ಎಳೆದರು. ಅಂಚೂ ಹೋಯಿತು, ನಿಚ್ಚಳವೂ ಹೋಯಿತು.

ವಿಸಿಡಿ ಕಾಲಕ್ಕೆ ಒಂದು ವಿಚಿತ್ರ ನಡೆಯಿತು. ಅದರ ಚಿತ್ರ ಅಡ್ಡಕ್ಕೆ 352 ಚುಕ್ಕೆ, ಉದ್ದಕ್ಕೆ 288 ಗೆರೆ. ಸೆಕೆಂಡಿಗೆ ಸಿಗುವ ಮಾಹಿತಿ ಬರೀ 1150 ಕಿಲೋಬಿಟ್. ಅಷ್ಟರಲ್ಲಿ ಚಿತ್ರವನ್ನು 16ಕ್ಕೆ 16ರ ಸಣ್ಣ ಚೌಕಗಳಾಗಿ ಒಡೆದು ಅಮುಕಿಡಬೇಕು. ಕಪ್ಪು ಪಟ್ಟಿಗೆ ಮಾಹಿತಿ ಏನೂ ಬೇಡವಾದ್ದರಿಂದ ಉಳಿದದ್ದೆಲ್ಲ ಚಿತ್ರಕ್ಕೆ ಸಿಗುತ್ತಿತ್ತು. ಲೆಕ್ಕದ ಪ್ರಕಾರ ಸ್ಕೋಪ್ ಚಿತ್ರಕ್ಕೆ 163 ಗೆರೆ ಬರಬೇಕು. ಹಾಗೇ ಇಟ್ಟರೆ ಪಟ್ಟಿಯ ಅಂಚು ಒಂದು ಚೌಕದ ಮಧ್ಯೆ ಬಂದು ಆ ಗಡಿಯುದ್ದಕ್ಕೂ ಕೊಳಕು ಕಾಣುತ್ತದೆ. ಮೇಲೆ 64, ಕೆಳಗೆ 64, ನಡುವೆ 160 ಇಟ್ಟರೆ ಗಡಿ ಸರಿಯಾಗಿ ಚೌಕದ ಅಂಚಿಗೇ ಕೂರುತ್ತದೆ. ಮೂರು ಗೆರೆ ಬಿಟ್ಟುಕೊಟ್ಟರೆ ಇಡೀ ಚಿತ್ರ ಶುಭ್ರ. ಇದನ್ನು ಕಂಡುಕೊಂಡ ದಿನ ನಮ್ಮ ಕೋಣೆಯಲ್ಲಿ ಎಲ್ಲರಿಗೂ ಕಾಫಿ ನನ್ನ ಲೆಕ್ಕದಲ್ಲಿ. ಹಕ್ಕುದಾರರೂ ಆಗ ಕಪ್ಪು ಪಟ್ಟಿಗೆ ಒಪ್ಪಿದರು. ಕಲೆಯ ಮೇಲಿನ ಗೌರವದಿಂದಲ್ಲ, ಚಿತ್ರ ಒಡೆಯುವುದಿಲ್ಲ ಎಂಬ ಕಾರಣಕ್ಕೆ.

ಡಿವಿಡಿಯಲ್ಲಿ ಇನ್ನೂ ಒಳ್ಳೆಯ ಉಪಾಯವಿತ್ತು. ಅಗಲದ ಟಿವಿಗೆಂದು ಹಿಂಡಿ ಬರೆದರೆ ಸ್ಕೋಪಿಗೆ 436 ಗೆರೆ ಸಿಗುತ್ತಿತ್ತು, ಮಾಮೂಲಿ ಪಟ್ಟಿ ಹಾಕಿದರೆ ಅದೇ 327. ಮೂರರಲ್ಲೊಂದು ಪಾಲು ಹೆಚ್ಚು ವಿವರ, ಖರ್ಚಿಲ್ಲದೆ. ಹಳೆಯ ಟಿವಿ ಇದ್ದವರಿಗೆ ಪ್ಲೇಯರೇ ಕುಗ್ಗಿಸಿ ಕೊಡುತ್ತದೆ. ಆದರೂ ನಮ್ಮಲ್ಲಿ ಎಷ್ಟೋ ಡಿವಿಡಿಗಳು ಹಳೆಯ ಟೇಪಿನ ಪಟ್ಟಿಯನ್ನೇ ಹೊತ್ತು ಬಂದವು.

ಹೊರಗೆ ಇದೇ ವಿಷಯ ಕೋರ್ಟಿಗೆ ಹೋಗಿತ್ತು. ಅಮೆರಿಕದ ನಿರ್ದೇಶಕ ಸಿಡ್ನಿ ಪೊಲಾಕ್ ತನ್ನ 'ತ್ರೀ ಡೇಸ್ ಆಫ್ ದಿ ಕಾಂಡೋರ್' ಚಿತ್ರವನ್ನು ಅಂಚು ಕತ್ತರಿಸಿ ತೋರಿಸಿದ್ದಕ್ಕೆ ಡೆನ್ಮಾರ್ಕಿನ ಟಿವಿಯ ಮೇಲೆ ದಾವೆ ಹೂಡಿದ. 1997ರಲ್ಲಿ ಅಲ್ಲಿನ ನ್ಯಾಯಾಲಯ ಇದು ಕೃತಿಯನ್ನು ವಿರೂಪಗೊಳಿಸಿದಂತೆ ಎಂದು ಒಪ್ಪಿತು. ಹಕ್ಕು ಆತನ ಹೆಸರಿನಲ್ಲಿರಲಿಲ್ಲವಾದ್ದರಿಂದ ದಾವೆ ಮಾತ್ರ ಗೆಲ್ಲಲಿಲ್ಲ. ನಾವು ಆ ಸುದ್ದಿಯನ್ನು ಯಂತ್ರದ ಪಕ್ಕದಲ್ಲೇ ಕೂತು ಓದಿದೆವು, ಆಮೇಲೆ ಅವತ್ತಿನ ಚಿತ್ರದ ಎಡಬಲ ಕತ್ತರಿಸಲು ಕೂತೆವು.

ಇವತ್ತಿನ 16ಕ್ಕೆ 9ರ ಟಿವಿ ಹುಟ್ಟಿದ್ದೂ ಈ ಜಗಳದ ರಾಜಿಯಲ್ಲೇ. 1980ರ ದಶಕದಲ್ಲಿ ಕರ್ನ್ಸ್ ಪವರ್ಸ್ ಎಂಬ ಅಮೆರಿಕದ ಎಂಜಿನಿಯರ್ ಚಾಲ್ತಿಯಲ್ಲಿದ್ದ ಆಕಾರಗಳನ್ನೆಲ್ಲ ಒಂದೇ ವಿಸ್ತೀರ್ಣಕ್ಕೆ ತಂದು ಕಾಗದದಲ್ಲಿ ಕತ್ತರಿಸಿ ಒಂದರ ಮೇಲೊಂದು ಇಟ್ಟು ನೋಡಿದ. ಎಲ್ಲವನ್ನೂ ಒಳಗೊಳ್ಳುವ ಹೊರಚೌಕ, ಎಲ್ಲಕ್ಕೂ ಸಾಮಾನ್ಯವಾದ ಒಳಚೌಕ, ಎರಡರ ಆಕಾರವೂ 1.77ಕ್ಕೆ 1 ಬಂತು. ಹಳೆಯ ಟಿವಿಯ ಆಕಾರಕ್ಕೂ ಸ್ಕೋಪಿಗೂ ಸಮಾನ ದೂರ. ಯಾವುದಕ್ಕೂ ಪೂರ್ತಿ ಹೊಂದುವುದಿಲ್ಲ, ಯಾವುದನ್ನೂ ಬಹಳ ಕೆಡಿಸಬೇಕಾಗಿಲ್ಲ.

ಕೆಡಿಸಬೇಕಾಗಿಲ್ಲ ಎಂದಮಾತ್ರಕ್ಕೆ ಕೆಡಿಸುವುದು ನಿಂತಿಲ್ಲ. ಈಗ ದಿಕ್ಕು ತಿರುಗಿದೆ. ಶಂಕರ್‌ನಾಗ್ 1986ರಲ್ಲಿ ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್' ನಾಲ್ಕಕ್ಕೆ ಮೂರರ ಟಿವಿಗೆಂದೇ ಮಾಡಿದ್ದು. ಅದನ್ನು ಹೊಸ ಟಿವಿಯ ಅಗಲಕ್ಕೆ ಎಳೆದು ನೋಡುವವರಿದ್ದಾರೆ, ಅದರ ಹುಡುಗ ಸ್ವಾಮಿ ಗುಂಡಗಾಗಿದ್ದಾನೆ. 2010ರಲ್ಲಿ ತೆಲುಗಿನ 'ಮಾಯಾಬಜಾರ್' ಚಿತ್ರಕ್ಕೆ ಬಣ್ಣ ಹಾಕಿ ಬಿಡುಗಡೆ ಮಾಡಿದಾಗ 1957ರ ಆ ಚೌಕವನ್ನು ಸ್ಕೋಪಿನ ಅಗಲಕ್ಕೆ ಒಗ್ಗಿಸಿದರು. ನಾವು ಎಡಬಲ ಕತ್ತರಿಸಿದೆವು, ಇವರು ಮೇಲೆ ಕೆಳಗೆ. ಹಾಗೆ ನೋಡಿದರೆ 'ಸಂಸ್ಕಾರ', 'ಘಟಶ್ರಾದ್ಧ'ದಂಥ ಚಿತ್ರಗಳೇ ಪುಣ್ಯವಂತರು. ಸ್ಕೋಪಿಗೆ ಹೋಗದ ಅವು ನನ್ನ ಜಾಯ್‌ಸ್ಟಿಕ್ಕಿನಿಂದ ತಪ್ಪಿಸಿಕೊಂಡವು.

ನನ್ನ ನಿಜವಾದ ತಕರಾರು ಬೇರೆ. ಆ ಟೇಪುಗಳು ಒಂದು ಭಾನುವಾರ ಸಂಜೆಗೆಂದು ಮಾಡಿದವು. ಥಿಯೇಟರಿನಲ್ಲಿ ಪ್ರಿಂಟ್ ಇದೆ, ಲ್ಯಾಬಿನಲ್ಲಿ ನೆಗೆಟಿವ್ ಇದೆ, ಇದು ಬರೀ ಟಿವಿಗೆ ಎಂಬ ಧೈರ್ಯದ ಮೇಲೆ ನಾವು ಕತ್ತರಿಸಿದೆವು. ಈಗ ಥಿಯೇಟರಿನಲ್ಲಿ ಪ್ರಿಂಟೂ ಇಲ್ಲ, ಅನೇಕ ಲ್ಯಾಬುಗಳೂ ಇಲ್ಲ. ಯೂಟ್ಯೂಬಿನಲ್ಲಿ ಎಪ್ಪತ್ತು ಎಂಬತ್ತರ ದಶಕದ ಕನ್ನಡ ಸ್ಕೋಪ್ ಚಿತ್ರ ಹುಡುಕಿದರೆ ಎಷ್ಟೋ ಸಲ ಸಿಗುವುದು ಅದೇ ಟೇಪು. ಅದನ್ನೂ ಹೊಸ ಟಿವಿ ತುಂಬಲೆಂದು ಮೇಲೆ ಕೆಳಗೆ ಮತ್ತೆ ಕತ್ತರಿಸಿರುತ್ತಾರೆ. ಲೆಕ್ಕ ಹಾಕಿ: ಮೊದಲ ಕತ್ತರಿಗೆ ಉಳಿದದ್ದು 57, ಎರಡನೆಯ ಕತ್ತರಿ ಅದರಲ್ಲಿ ಕಾಲು ಪಾಲು ತೆಗೆಯಿತು. ಛಾಯಾಗ್ರಾಹಕ ತೆಗೆದ ಚಿತ್ರದಲ್ಲಿ ನೂರಕ್ಕೆ 43 ಪಾಲು ನಿಮ್ಮ ಮುಂದಿದೆ. ಅದಕ್ಕೆ ಎಚ್‌ಡಿ ಎಂದು ಹೆಸರು.

ಇದಕ್ಕೆ ತಂತ್ರಾಂಶದ ಮದ್ದು ಇದೆ ಎನ್ನುವವರನ್ನು ನಂಬಬೇಡಿ. ಮಸುಕನ್ನು ತೀಡಬಹುದು, ಗೆರೆ ಅಳಿಸಬಹುದು, ಬಣ್ಣ ಸರಿಮಾಡಬಹುದು. ಬಾಗಿಲ ಹಿಂದೆ ನಿಂತಿದ್ದವಳನ್ನು ಟೇಪಿನಿಂದ ವಾಪಸು ತರಲಾಗದು. ಅವಳಿರುವುದು ಫಿಲ್ಮಿನಲ್ಲಿ ಮಾತ್ರ.

ನಿರ್ಮಾಪಕರ ಮನೆಗಳಲ್ಲಿ, ಹಂಚಿಕೆದಾರರ ಹಳೆಯ ಗೋದಾಮುಗಳಲ್ಲಿ, ಮುಚ್ಚಿದ ಟಾಕೀಸುಗಳ ಆಪರೇಟರ್ ಕೋಣೆಗಳಲ್ಲಿ ಈಗಲೂ ಡಬ್ಬಿಗಳಿವೆ. ತೆರೆದಾಗ ವಿನೆಗರ್‌ನಂಥ ಹುಳಿ ವಾಸನೆ ಬಂದರೆ ಫಿಲ್ಮು ಕೆಡತೊಡಗಿದೆ ಎಂದರ್ಥ, ಸತ್ತಿದೆ ಎಂದಲ್ಲ. ಗುಜರಿಗೆ ಹಾಕಬೇಡಿ, ಬಿಸಿಲಿಗೆ ಒಣಗಿಸಬೇಡಿ, ಸುತ್ತಿದ ರೀಲನ್ನು ಬಿಚ್ಚಲು ಹೋಗಬೇಡಿ. ತಂಪಾದ ಒಣ ಜಾಗದಲ್ಲಿಟ್ಟು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದವರಿಗೆ ತಿಳಿಸಿ. ಸ್ಕ್ಯಾನ್ ಮಾಡಿಸುವ ಯೋಗ ಬಂದರೆ ಒಂದೇ ಷರತ್ತು ಹಾಕಿ: ಚೌಕಟ್ಟು ಪೂರ್ತಿ ಬರಬೇಕು, ಈ ಅಂಚಿನಿಂದ ಆ ಅಂಚಿನವರೆಗೆ.